ಅರೀನಾದ ಮರಳು ಪೂರ್ತಿ ತೆಗೆದು ಮತ್ತೆ ಹಾಕಿದೆವು

ಏನೋ ಸರಿಯಿಲ್ಲ ಅಂತ ಮೊದಲು ಹೇಳಿದ್ದು ಗೊರಸಿನ ಸದ್ದು. ಕುದುರೆ ಸವಾರಿಗೆ ಮರಳು ಹಾಸಿದ ಅಂಗಳವೇ ಅರೀನಾ, ನಮ್ಮದು 20 ಮೀಟರ್ ಅಗಲ, 40 ಮೀಟರ್ ಉದ್ದ. 11 ವರ್ಷದ ನಮ್ಮ ಹೆಣ್ಣು ಕುದುರೆ ಟ್ರಾಟ್‌ನಲ್ಲಿ (ನಡಿಗೆಗಿಂತ ಜೋರಾದ ಓಟ) ಗೇಟಿನ ಹತ್ತಿರ ಬಂದಾಗ ಟಕ್ ಟಕ್ ಅಂತ ಕೇಳುತ್ತಿತ್ತು. ಅದೇ ಉದ್ದದ ಬದಿ ದಾಟಿ ಆಚೆ ಮೂಲೆಗೆ ಹೋದರೆ ಸದ್ದೇ ಇಲ್ಲ, ಕಾಲು ಹೂತುಹೋಗುತ್ತಿತ್ತು. ಒಂದೇ ಅಂಗಳದಲ್ಲಿ ಎರಡು ಥರದ ನೆಲ. ಕುದುರೆಗೆ ಪ್ರತಿ ಸುತ್ತಿನಲ್ಲೂ ಎರಡು ಸಲ ಕಾಲಿಡುವ ರೀತಿ ಬದಲಿಸಬೇಕು, ಅದೂ ಬೆನ್ನ ಮೇಲೆ ಒಬ್ಬರನ್ನು ಹೊತ್ತುಕೊಂಡು.

ಸ್ವಲ್ಪ ದಿನಕ್ಕೆ ಅವಳು ಎಡಕ್ಕೆ ತಿರುಗಲು ಹಿಂಜರಿಯತೊಡಗಿದಳು. ಮುಂಗಾಲಿನ ಹಿಂಭಾಗ ಮುಟ್ಟಿದರೆ ಬಿಸಿ. ಪಶುವೈದ್ಯರು ನೋಡಿ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು) ಎಳೆದುಕೊಂಡಿದೆ, ವಿಶ್ರಾಂತಿ ಕೊಡಿ, ಜೊತೆಗೆ ನೆಲವನ್ನೂ ಒಮ್ಮೆ ನೋಡಿಕೊಳ್ಳಿ ಅಂದರು. ಆ ಕೊನೆಯ ಮಾತು ನನಗೆ ಮನಸ್ಸಿನಲ್ಲೇ ಕೂತುಬಿಟ್ಟಿತು.

ಮನೆಯವರೆಲ್ಲ ಸೇರಿ ಮೊದಲು ಯೋಚಿಸಿದ್ದು ಇನ್ನೆರಡು ಲೋಡ್ ಮರಳು ಹಾಕಿಸೋಣ ಅಂತ. ಹಾಕಿಸಿದ್ದರೆ ಇನ್ನೂ ಕೆಡುತ್ತಿತ್ತು. ಗಟ್ಟಿ ಅನ್ನಿಸಿದ ಕಡೆ ಹೊಸ ಮರಳು ನಿಲ್ಲುತ್ತಿರಲಿಲ್ಲ, ಮೆತ್ತಗಿದ್ದ ಕಡೆ ಇನ್ನೂ ಆಳ ಆಗುತ್ತಿತ್ತು. ಆಳದ ಮರಳಿನಲ್ಲಿ ಕುದುರೆ ಪ್ರತಿ ಹೆಜ್ಜೆಗೂ ಕಾಲು ಕಿತ್ತುಕೊಂಡು ಹೋಗಬೇಕು. ಒಣ ಮರಳಿನಲ್ಲಿ ನಾವೇ ನೂರು ಮೀಟರ್ ಓಡಿ ನೋಡಿದರೆ ಮೀನಖಂಡ ಹೇಗೆ ಸೆಳೆಯುತ್ತದೆ ಅಲ್ವಾ? ಅವಳ ತೂಕ ಸುಮಾರು 450 ಕಿಲೋ.

ಹಾಗಾಗಿ ಮೊದಲು ಅಳತೆ. 8 ಎಂಎಂ ಕಂಬಿಗೆ ಸೆಂಟಿಮೀಟರ್ ಗುರುತು ಹಾಕಿಕೊಂಡೆ. ಉದ್ದಕ್ಕೂ ಅಗಲಕ್ಕೂ 5 ಮೀಟರಿಗೊಂದು ಕಡೆ ಚುಚ್ಚಿದರೆ 45 ಜಾಗ ಆಗುತ್ತದೆ. ಕಾಗದದ ಮೇಲೆ ಚೌಕ ಬರೆದು ಪ್ರತಿ ಜಾಗದ ಆಳ ತುಂಬಿದೆ. ಗೇಟಿನ ಹತ್ತಿರ 2 ಸೆಂಟಿಮೀಟರ್. ಮಧ್ಯದಲ್ಲಿ 6, 7. ಆಚೆ ಮೂಲೆಯಲ್ಲಿ 14. ಅಂಚಿನ ಹಲಗೆಗೆ ತಾಗಿ ಮರಳು ದಿಬ್ಬ ಆಗಿತ್ತು, ಅದರ ಪಕ್ಕದಲ್ಲೇ ಕುದುರೆಗಳು ದಿನಾ ಸುತ್ತುವ ದಾರಿ ಕಾಲುವೆಯ ಥರ ತಗ್ಗಾಗಿತ್ತು. ಅರ್ಧ ದಿನದ ಕೆಲಸ, ಆದರೆ ವರ್ಷಗಟ್ಟಲೆ ಅದರ ಮೇಲೆ ಸವಾರಿ ಮಾಡಿದ್ದರೂ ಗೊತ್ತಾಗದ್ದು ಆ ಒಂದು ಕಾಗದದಲ್ಲಿ ಕಂಡಿತು.

ಇನ್ನೊಂದು ವಿಷಯ ಕೈಗೇ ಗೊತ್ತಾಯಿತು. ಬೇರೆ ಕಡೆಯೆಲ್ಲ ಕಂಬಿ ಕೆಳಗೆ ಹೋಗಿ ಟಣ್ ಅಂತ ಮರಳಿನ ಕೆಳಗಿನ ಜಲ್ಲಿಗೆ ತಾಗಿ ನಿಲ್ಲುತ್ತಿತ್ತು. ಆಚೆ ಮೂಲೆಯಲ್ಲಿ ನಿಲ್ಲಲಿಲ್ಲ. ಒತ್ತಿದರೆ ಒತ್ತಿದಷ್ಟೂ ಇಳಿಯಿತು, ಎಳೆದರೆ ತುದಿಗೆ ಜೇಡಿಮಣ್ಣು ಅಂಟಿಕೊಂಡು ಬಂತು. ಅಲ್ಲೇ ಎರಡಡಿ ಚೌಕದ ಗುಂಡಿ ತೋಡಿದೆವು. ಮೇಲೆ ಮರಳು, ಅದರ ಕೆಳಗೆ ಮರಳು ಮತ್ತು ಜಲ್ಲಿ ಕಲಸಿದ ಹಾಗೆ, ಅದರ ಕೆಳಗೆ ಜಲ್ಲಿ ಮಣ್ಣಿನೊಳಗೇ ಮುಳುಗಿಬಿಟ್ಟಿದೆ. ಮಣ್ಣಿಗೂ ಜಲ್ಲಿಗೂ ನಡುವೆ, ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆಯೇ ಹಾಕಿರಲಿಲ್ಲ. ಮಾರನೇ ದಿನ ಬೆಳಿಗ್ಗೆ ಗುಂಡಿಯಲ್ಲಿ ನೀರು ನಿಂತಿತ್ತು. ಮಳೆ ಬಂದಿರಲಿಲ್ಲ. ಪಕ್ಕದ ಎತ್ತರದ ಜಾಗದಿಂದ ನೀರು ಒಳಗೊಳಗೇ ಬರುತ್ತಿತ್ತು.

ಅಂದರೆ ನಾವು ಇಷ್ಟು ದಿನ ಬೈದಿದ್ದು ಮರಳನ್ನು, ಕೆಟ್ಟಿದ್ದು ಮರಳಿನ ಕೆಳಗಿನ ತಳ. ಇದನ್ನು ಒತ್ತಿ ಹೇಳುತ್ತೇನೆ, ಯಾಕಂದರೆ ಹೆಚ್ಚಿನವರು ಮರಳಿನ ಬಗ್ಗೆ ಮಾತ್ರ ಕೇಳುತ್ತಾರೆ. ಗುಂಡಿ ತೋಡಿ ನೋಡದೆ ಒಂದು ಬುಟ್ಟಿ ಮರಳನ್ನೂ ಕೊಳ್ಳಬೇಡಿ.

ಹಾಗಂತ ನಮ್ಮ ಹಳೇ ಮರಳು ಒಳ್ಳೆಯದೇನೂ ಆಗಿರಲಿಲ್ಲ. ಒಂದು ಚಿಟಿಕೆ ತೊಳೆದು ಒಣಗಿಸಿ, ಕಪ್ಪು ಕಾಗದದ ಮೇಲೆ ಹರಡಿ ಭೂತಕನ್ನಡಿಯಲ್ಲಿ ನೋಡಿದೆ. ಕಾಳುಗಳು ಗುಂಡಗಿದ್ದವು, ಮೂಲೆಯೇ ಇಲ್ಲ, ನೀರಿನಲ್ಲಿ ಉರುಳಿ ಉರುಳಿ ಸವೆದ ಹೊಳೆ ಮರಳು. ನೋಡೋಕೆ ಚೆಂದ, ಕೈಗೆ ಮೆತ್ತಗೆ. ಆದರೆ ಗುಂಡನೆಯ ಕಾಳು ಒಂದನ್ನೊಂದು ಹಿಡಿದುಕೊಳ್ಳುವುದಿಲ್ಲ. ಸಾಸಿವೆ ಚೆಲ್ಲಿದ ನೆಲದ ಮೇಲೆ ಕಾಲಿಟ್ಟ ಹಾಗೆ, ಗೊರಸು ಒತ್ತಿದ ಕೂಡಲೇ ಪಕ್ಕಕ್ಕೆ ಸರಿದುಬಿಡುತ್ತವೆ. ಕುದುರೆ ಮುಂದಕ್ಕೆ ಒದೆಯುವ ಹೊತ್ತಿಗೆ ಕೆಳಗೆ ಆಸರೆ ಇರುವುದಿಲ್ಲ.

ಇದಕ್ಕೆ ಪೂರ್ತಿ ವಿರುದ್ಧ ಚೂಪು ಮೂಲೆಯ ಮರಳು, ಕಲ್ಲು ಒಡೆದು ಮಾಡಿದ್ದು. ಅದು ಚೆನ್ನಾಗಿ ಹಿಡಿಯುತ್ತದೆ, ಆದರೆ ಜಾಸ್ತಿ ಹಿಡಿಯುತ್ತದೆ. ಸಣ್ಣ ದೊಡ್ಡ ಕಾಳು ಎಲ್ಲ ಸೇರಿ, ಜೊತೆಗೆ ಕಲ್ಲಿನ ಹಿಟ್ಟೂ ಇದ್ದರೆ, ನಾಲ್ಕು ಸಲ ನೀರು ಬಿದ್ದ ಮೇಲೆ ಸಿಮೆಂಟ್ ನೆಲದ ಹಾಗೆ ಕೂತುಬಿಡುತ್ತದೆ. ನಮಗೆ ಬೇಕಾಗಿದ್ದು ಇವೆರಡರ ನಡುವಿನದು. ಮೂಲೆ ಇರಬೇಕು, ಆದರೆ ಆ ಮೂಲೆಯ ಚೂಪು ಸ್ವಲ್ಪ ಸವೆದಿರಬೇಕು. ಗಟ್ಟಿ ಕಲ್ಲಿನದ್ದಾಗಿರಬೇಕು, ಬೆಣಚುಕಲ್ಲಿನ ಮರಳಾದರೆ ಒಳ್ಳೆಯದು, ಮೆತ್ತನೆಯ ಕಲ್ಲಾದರೆ ಗೊರಸಿನ ಕೆಳಗೆ ಬೇಗ ಪುಡಿಯಾಗುತ್ತದೆ. ತೊಳೆದು ಜರಡಿ ಹಿಡಿದಿರಬೇಕು. ಹೆಚ್ಚಿನ ಕಾಳು ಕಾಲು ಮಿಲಿಮೀಟರಿನಿಂದ ಒಂದು ಮಿಲಿಮೀಟರ್ ಒಳಗೆ ಇರಲಿ ಅಂತ ನಾನು ಗುರಿ ಇಟ್ಟುಕೊಂಡೆ.

ಸದ್ಯಕ್ಕೆ ಮರಳು ಪಕ್ಕಕ್ಕಿರಲಿ, ತಳದ ಕೆಲಸ ಹೇಳುತ್ತೇನೆ.

ಹಳೇ ಮರಳನ್ನೆಲ್ಲ ಬಳಿದು ಹೊರಗೆ ಹಾಕಿದೆವು. ಅದನ್ನು ಎಸೆಯಲಿಲ್ಲ. ಕುದುರೆಗಳನ್ನು ಬಿಡುವ ಜಾಗದ ಒಂದು ಬದಿಗೆ ಸುರಿದೆವು, ಈಗ ಅವು ಅಲ್ಲಿ ಬಿದ್ದು ಹೊರಳಾಡುತ್ತವೆ, ಅದಕ್ಕೆ ಗುಂಡನೆಯ ಮೆತ್ತನೆ ಮರಳು ತುಂಬಾ ಚೆನ್ನಾಗಿದೆ. ಒಂದೇ ಎಚ್ಚರಿಕೆ, ಆ ಜಾಗದಲ್ಲಿ ಹುಲ್ಲು ಹಾಕಬೇಡಿ. ನೆಲದಿಂದ ಹುಲ್ಲು ಆರಿಸುವಾಗ ಮರಳೂ ಹೊಟ್ಟೆಗೆ ಹೋಗಿ, ದೊಡ್ಡ ಕರುಳಿನಲ್ಲಿ ಕೂತು ಹೊಟ್ಟೆನೋವು ಬರುತ್ತದೆ. ಅದು ಸಣ್ಣ ಕಾಯಿಲೆ ಅಲ್ಲ.

ಎತ್ತರದ ಬದಿಯಿಂದ ಬರುವ ನೀರನ್ನು ಅರೀನಾ ತಲುಪುವ ಮೊದಲೇ ಹಿಡಿಯಬೇಕಿತ್ತು. ಆ ಬದಿಗೆ ಉದ್ದಕ್ಕೂ ಚರಂಡಿ ತೋಡಿ, ಬಟ್ಟೆ ಹಾಸಿ, ತೂತಿನ ಪೈಪ್ ಇಟ್ಟು, ಸುತ್ತ ತೊಳೆದ ಜಲ್ಲಿ ತುಂಬಿ, ಬಟ್ಟೆ ಮಡಚಿ ಮುಚ್ಚಿದೆವು. ಪೈಪಿನ ಇನ್ನೊಂದು ತುದಿ ತಗ್ಗಿನ ಕಡೆ ಹೊರಗೆ ತೆರೆದುಕೊಳ್ಳುತ್ತದೆ. ಪೈಪ್ ಇಟ್ಟ ಮೂರನೇ ದಿನದಿಂದಲೇ ಅದರಲ್ಲಿ ಸಣ್ಣಗೆ ನೀರು ಹರಿಯಲು ಶುರುವಾಯಿತು. ಇಷ್ಟೂ ನೀರು ಇಷ್ಟು ದಿನ ನಮ್ಮ ಜಲ್ಲಿಯ ಕೆಳಗೆ ಕೂತು ಮಣ್ಣನ್ನು ಕೆಸರು ಮಾಡುತ್ತಿತ್ತು ಅಂತ ಅದನ್ನು ನೋಡಿದಾಗ ಹೊಟ್ಟೆ ಉರಿಯಿತು.

ಮೂಲೆಯ ಕೆಸರನ್ನೆಲ್ಲ ಗಟ್ಟಿ ಮಣ್ಣು ಸಿಗುವವರೆಗೆ ಅಗೆದು ತೆಗೆದೆವು, ಒಣ ಮಣ್ಣು ತುಂಬಿ ರೋಲರ್ ಹೊಡೆದೆವು. ಆಮೇಲೆ ಇಡೀ ಅಂಗಳಕ್ಕೆ ವಾಟ. 20 ಮೀಟರ್ ಅಗಲಕ್ಕೆ 20 ಸೆಂಟಿಮೀಟರ್ ಇಳಿಜಾರು, ಅಂದರೆ ನೂರಕ್ಕೆ ಒಂದು. ಇದು ಕಣ್ಣಿಗೆ ಕಾಣುವುದೇ ಇಲ್ಲ, ಕುದುರೆಗೂ ತೊಂದರೆ ಇಲ್ಲ, ನೀರಿಗೆ ಮಾತ್ರ ಸಾಕು. ನೂರಕ್ಕೆ ಎರಡಕ್ಕಿಂತ ಜಾಸ್ತಿ ಕೊಟ್ಟರೆ ಜೋರು ಮಳೆಗೆ ಮರಳೇ ಕೊಚ್ಚಿಕೊಂಡು ಹೋಗುತ್ತದೆ. ನೂಲು ಕಟ್ಟಿ, ನೀರಿನ ಟ್ಯೂಬ್ ಹಿಡಿದು ಮಟ್ಟ ನೋಡಿದೆವು. ಮಣ್ಣಿನ ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ, ಒಂದರ ಮೇಲೊಂದು ಅಂಚು 30 ಸೆಂಟಿಮೀಟರ್ ಬರುವ ಹಾಗೆ. ಅದರ ಮೇಲೆ ಜಲ್ಲಿ.

ಜಲ್ಲಿ ಅಂದಾಗ ಒಂದೇ ಸೈಜಿನ ಜಲ್ಲಿ ತಂದರೆ ಅದು ಎಂದಿಗೂ ಕೂರುವುದಿಲ್ಲ, ಅಲುಗಾಡುತ್ತಲೇ ಇರುತ್ತದೆ. ದೊಡ್ಡದು, ಸಣ್ಣದು, ಜಲ್ಲಿ ಪುಡಿ ಎಲ್ಲ ಬೆರೆತದ್ದೇ ಬೇಕು. ಮರಳಿನಲ್ಲಿ ಬೇಡ ಅಂದ ಅದೇ ಕಲ್ಲಿನ ಹಿಟ್ಟು ಇಲ್ಲಿ ಬೇಕು, ಯಾಕಂದರೆ ತಳ ಕೂತು ಗಟ್ಟಿಯಾಗಬೇಕು, ಮರಳು ಕೂರಬಾರದು. 7 ಸೆಂಟಿಮೀಟರಿನ ಎರಡು ಪದರ ಹಾಕಿದೆವು, ಪ್ರತಿ ಪದರಕ್ಕೂ ನೀರು ಚಿಮುಕಿಸಿ ದಮ್ಮಸ್ಸು. ಎರಡನೇ ಪದರ ಮುಗಿದ ಮೇಲೆ ಹಿಮ್ಮಡಿ ಊರಿ ತಿರುಗಿಸಿ ನೋಡಿದೆ, ಗುರುತು ಬೀಳಲಿಲ್ಲ. ಆಮೇಲೆ ಎರಡು ಮಳೆ ಬೀಳುವವರೆಗೆ ಹಾಗೇ ಬಿಟ್ಟೆವು. ನೀರು ನಿಂತ ಎರಡು ತಗ್ಗು ಕಾಣಿಸಿತು, ಸುಣ್ಣದಲ್ಲಿ ಸುತ್ತ ಗೆರೆ ಎಳೆದು ಅಷ್ಟನ್ನು ಮಾತ್ರ ಕೆರೆದು ತುಂಬಿದೆವು. ಮರಳು ಹಾಕಿದ ಮೇಲೆ ಗೊತ್ತಾಗಿದ್ದರೆ ಏನು ಮಾಡುವುದು? ಅವಸರ ಮಾಡದೆ ಕಾದಿದ್ದು ತುಂಬಾ ಒಳ್ಳೆಯದಾಯಿತು.

ಈಗ ಮರಳಿನ ಆಯ್ಕೆ. ಮೂರು ಕಡೆಯಿಂದ ಮೂರು ಚೀಲ ಮಾದರಿ ತರಿಸಿದೆ. ಮೂರಕ್ಕೂ ಮಾರುವವರು ಹೇಳಿದ್ದು ಒಂದೇ ಮಾತು, ತೊಳೆದಿದೆ ಅಂತ. ಬಾಟಲಿಗೆ ಹಾಕಿ ನೋಡದೆ ಈ ಮಾತನ್ನು ನಂಬಬಾರದು. ಬದಿ ನೆಟ್ಟಗಿರುವ ಗಾಜಿನ ಬಾಟಲಿಯಲ್ಲಿ 10 ಸೆಂಟಿಮೀಟರ್ ಮರಳು ಹಾಕಿ, ನೀರು ತುಂಬಿ, ಒಂದು ಚಿಟಿಕೆ ಉಪ್ಪು ಹಾಕಿ, ಎರಡು ನಿಮಿಷ ಜೋರಾಗಿ ಅಲ್ಲಾಡಿಸಿ ಮಟ್ಟ ನೆಲದ ಮೇಲಿಡಿ. ಉಪ್ಪು ಹಾಕಿದರೆ ನುಣ್ಣನೆಯ ಜೇಡಿ ಬೇಗ ಕೆಳಗಿಳಿಯುತ್ತದೆ. ಮರಳು ನಿಮಿಷದೊಳಗೆ ಕೂರುತ್ತದೆ, ಅದರ ಮೇಲೆ ನಿಧಾನಕ್ಕೆ ಹೂಳು ಕೂರುತ್ತದೆ. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಸ್ಕೇಲ್ ಹಿಡಿದೆ. ಮೊದಲನೆಯದರಲ್ಲಿ ಒಂದೂವರೆ ಸೆಂಟಿಮೀಟರ್ ಕಂದು ಪದರ. ಎರಡನೆಯದರಲ್ಲಿ ಅರ್ಧ ಸೆಂಟಿಮೀಟರ್ ಬೂದು ಪದರ, ಮೇಲಿನ ನೀರು ಇನ್ನೂ ಹಾಲಿನ ಥರ ಮಬ್ಬಾಗಿತ್ತು, ಅದು ಕಲ್ಲಿನ ಹಿಟ್ಟು. ಮೂರನೆಯದರಲ್ಲಿ ಬರೀ ದಾರದಷ್ಟು ದಪ್ಪದ ಗೆರೆ, ನೀರು ತಿಳಿಯಾಗಿತ್ತು.

ಆ ಹೂಳಿಗೆ ಇಷ್ಟು ಹೆದರಬೇಕಾ ಅಂತ ಕೇಳಬಹುದು. ಹೆದರಬೇಕು. ಒದ್ದೆಯಾದಾಗ ಅದು ಕಾಳುಗಳ ಸಂದಿ ತುಂಬಿ ನೀರಿಳಿಯಲು ಬಿಡುವುದಿಲ್ಲ, ಒಣಗಿದಾಗ ಧೂಳಾಗಿ ಏಳುತ್ತದೆ. ಬೆಣಚುಕಲ್ಲಿನ ನುಣ್ಣನೆಯ ಧೂಳು ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ. ಕಲ್ಲು ಒಡೆಯುವ ಕೆಲಸಗಾರರಿಗೆ ಸಿಲಿಕೋಸಿಸ್ ಅನ್ನುವ ಶ್ವಾಸಕೋಶದ ಕಾಯಿಲೆ ಬರುವುದು ಇದರಿಂದಲೇ. ಕುದುರೆ ಓಡುವಾಗ ಎಷ್ಟು ಗಾಳಿ ಎಳೆದುಕೊಳ್ಳುತ್ತದೆ ಅಂತ ಒಮ್ಮೆ ಯೋಚಿಸಿ.

ಮೂರನೇ ಮರಳನ್ನೂ ಒಂದೇ ಸಲ ಕೊಳ್ಳಲಿಲ್ಲ. ಮೊದಲು ಅರ್ಧ ಘನ ಮೀಟರಿಗಿಂತ ಸ್ವಲ್ಪ ಜಾಸ್ತಿ ತರಿಸಿ, 2 ಮೀಟರ್ ಅಗಲ 6 ಮೀಟರ್ ಉದ್ದದ ಪಟ್ಟಿಯಲ್ಲಿ 5 ಸೆಂಟಿಮೀಟರ್ ಹರಡಿ, ಚೆನ್ನಾಗಿ ನೆನೆಸಿ, ಮಾರನೇ ದಿನ ನಮ್ಮ ಗಂಡು ಕುದುರೆಯನ್ನು ಟ್ರಾಟ್‌ನಲ್ಲಿ ಇಪ್ಪತ್ತು ಸಲ ದಾಟಿಸಿದೆವು. ಆಮೇಲೆ ಮಂಡಿಯೂರಿ ಕೂತು ಹೆಜ್ಜೆ ಗುರುತು ನೋಡಿದೆ.

ಈ ಹೆಜ್ಜೆ ಗುರುತಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಗೊರಸು ನೆಲ ಮುಟ್ಟಿದಾಗ ಮೊದಲು ಒಂದಿಷ್ಟು ಮುಂದಕ್ಕೆ ಜಾರುತ್ತದೆ, ಆಮೇಲೆ ಇಡೀ ಭಾರ ಬೀಳುತ್ತದೆ, ಕೊನೆಗೆ ಗೊರಸಿನ ಮುಂತುದಿ ನೆಲಕ್ಕೆ ಊರಿ ಮೇಲೇಳುತ್ತದೆ. ಮೂರೂ ಗುರುತಿನಲ್ಲಿ ಕಾಣುತ್ತದೆ. ಮೊದಲಿನ ಆ ಸಣ್ಣ ಜಾರು ಬೇಕು. ಜಾರಲು ಬಿಡದೆ ಹಿಡಿದರೆ ಆ ಹೊಡೆತವೆಲ್ಲ ಕಾಲಿನ ಮೂಳೆಗೂ ಕೀಲಿಗೂ ಹೋಗುತ್ತದೆ. ಜಾಸ್ತಿ ಜಾರಿದರೆ ಕುದುರೆಗೆ ಧೈರ್ಯ ಹೋಗುತ್ತದೆ, ಹೆಜ್ಜೆ ಚಿಕ್ಕದಾಗುತ್ತದೆ. ಅಂಚು ಕುಸಿದು ಗುರುತು ಬಟ್ಟಲಿನ ಥರ ಆಗಿದ್ದರೆ ಮರಳು ಸಡಿಲ, ಇಲ್ಲವೇ ಒಣಗಿದೆ. ಬರೀ ಲಾಳದ ಗೆರೆ ಮಾತ್ರ ಬಿದ್ದಿದ್ದರೆ ನೆಲ ಗಟ್ಟಿ. ಹಿಂದಕ್ಕೆ ಹೆಂಟೆ ಹಾರಿ ಬಿದ್ದಿದ್ದರೆ ಮುಂತುದಿ ಆಳಕ್ಕೆ ಅಗೆಯುತ್ತಿದೆ, ಹಿಡಿತ ಸಾಲದು. ನಮ್ಮ ಪಟ್ಟಿಯ ಗುರುತಿನಲ್ಲಿ ಅಂಚು ಚಾಕುವಿನಲ್ಲಿ ಕೊಯ್ದ ಹಾಗೆ ನೆಟ್ಟಗೆ ನಿಂತಿತ್ತು, ಹಿಂದೆ ಅರ್ಧ ಬೆರಳು ಜಾರಿದ ಗುರುತು, ಕೆಳಗೆ ಮರಳು ಒತ್ತಿಕೊಂಡಿದ್ದರೂ ಬೆರಳಿನಿಂದ ಕೆದಕಿದರೆ ಬಿಡುತ್ತಿತ್ತು. ಇದೇ ಮರಳು ಅಂತ ಅಲ್ಲೇ ತೀರ್ಮಾನ ಮಾಡಿದೆ.

ಅಂತರರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟ ಎಫ್‌ಇಐ 2014ರಲ್ಲಿ ಇಂಥ ನೆಲಗಳ ಬಗ್ಗೆ ಒಂದು ಶ್ವೇತಪತ್ರ ಹೊರತಂದಿದೆ. ಮೊದಲ ಹೊಡೆತದ ಗಟ್ಟಿತನ, ಭಾರ ತಾಳುವ ಮೆತ್ತನೆ, ಪುಟಿಯುವ ಗುಣ, ಹಿಡಿತ, ಇವುಗಳ ಜೊತೆಗೆ ಎಲ್ಲ ಕಡೆ ಒಂದೇ ಥರ ಇರುವುದು, ದಿನದಿಂದ ದಿನಕ್ಕೆ ಬದಲಾಗದಿರುವುದು ಕೂಡ ನೆಲದ ಗುಣಗಳು ಅಂತ ಅದರಲ್ಲಿ ವಿವರಿಸಿದ್ದಾರೆ. ಕೊನೆಯ ಎರಡೂ ನಮ್ಮ ಹಳೇ ಅರೀನಾದಲ್ಲಿ ಇರಲೇ ಇಲ್ಲ.

ಲೆಕ್ಕ ಸುಲಭ. 800 ಚದರ ಮೀಟರಿಗೆ ಒಂದು ಸೆಂಟಿಮೀಟರ್ ಅಂದರೆ 8 ಘನ ಮೀಟರ್, ತೂಕದಲ್ಲಿ ಹೆಚ್ಚುಕಡಿಮೆ 12 ಟನ್. 5 ಸೆಂಟಿಮೀಟರಿಗೆ 40 ಘನ ಮೀಟರ್, 60 ಟನ್ ಸುಮಾರು. ಮರಳು ಒದ್ದೆ ಇದ್ದರೆ ತೂಕದಲ್ಲಿ ನೀರಿಗೂ ದುಡ್ಡು ಕೊಡುತ್ತೀರಿ, ಅದು ನೆನಪಿರಲಿ. ಲಾರಿಯನ್ನು ತಳದ ಮೇಲೆ ತಿರುಗಿಸಲು ಬಿಡಲಿಲ್ಲ, ಗೇಟಿನಲ್ಲೇ ಸುರಿಸಿ ಸಣ್ಣ ಲೋಡರ್‌ನಲ್ಲಿ ಹರಡಿದೆವು, ಲೋಡರ್ ಯಾವಾಗಲೂ ಹೊಸ ಮರಳಿನ ಮೇಲೇ ಓಡಾಡುವ ಹಾಗೆ. ಹರಡುವ ಮೊದಲು ತಳ ಸ್ವಲ್ಪ ಒದ್ದೆ ಮಾಡಿದೆವು.

5 ಸೆಂಟಿಮೀಟರಿಗೆ ನಿಲ್ಲಿಸಿದಾಗ ನೋಡಿದವರೆಲ್ಲ ಇಷ್ಟೇನಾ ಅಂದರು. ಹಾಕುವುದು ಸುಲಭ, ತೆಗೆಯುವುದು ಕಷ್ಟ. ಮೂರು ವಾರ ಸವಾರಿ ಮಾಡಿದ ಮೇಲೆ ಕ್ಯಾಂಟರ್‌ನಲ್ಲಿ (ಟ್ರಾಟ್‌ಗಿಂತ ಜೋರಾದ ಓಟ) ತಿರುವಿನಲ್ಲಿ ತಳ ತಾಗಿದ ಸದ್ದು ಒಂದೆರಡು ಸಲ ಕೇಳಿತು. ಆಗ ಇನ್ನೊಂದು ಸೆಂಟಿಮೀಟರ್ ಸೇರಿಸಿದೆವು. 6ಕ್ಕೆ ಸಾಕು.

ಸೇರಿಸಿದ ಮಾರನೇ ವಾರವೇ ನನ್ನಿಂದ ಒಂದು ದೊಡ್ಡ ತಪ್ಪಾಯಿತು. ಮರಳು ಹರಗಲು ಟ್ರ್ಯಾಕ್ಟರಿಗೆ ಹಲ್ಲುಕುಂಟೆ ಕಟ್ಟುತ್ತೇವೆ, ಹಿಂದೆ ಮಟ್ಟ ಮಾಡಲು ಒಂದು ಕೊರಡು. ಹಲ್ಲು 4 ಸೆಂಟಿಮೀಟರಿಗಿಂತ ಕೆಳಗೆ ಹೋಗದ ಹಾಗೆ ಇಟ್ಟಿದ್ದೆ. ಒಂದು ಬದಿಯ ಬೋಲ್ಟ್ ಸಡಿಲವಾಗಿದ್ದನ್ನು ನೋಡಿಕೊಳ್ಳಲಿಲ್ಲ, ಆ ಬದಿ ಇಳಿದು ಹತ್ತು ಮೀಟರ್ ಉದ್ದ ತಳವನ್ನು ಕೆರೆಯಿತು. ಹಿಂದೆ ತಿರುಗಿ ನೋಡಿದರೆ ಮರಳಿನ ಮೇಲೆ ಜಲ್ಲಿ ಕಲ್ಲು. ಲಾಳದೊಳಗೆ ಒಂದು ಕಲ್ಲು ಸಿಕ್ಕಿಕೊಂಡರೆ ಅಂಗಾಲು ಜಜ್ಜಿ ಕುದುರೆ ಕುಂಟುತ್ತದೆ. ಅವತ್ತೇ ಆ ಪಟ್ಟಿಯ ಮರಳು ಬಳಿದು, ಜರಡಿ ಹಿಡಿದು, ತಳಕ್ಕೆ ನೀರು ಹಾಕಿ ಜಲ್ಲಿ ಪುಡಿ ತುಂಬಿ ದಮ್ಮಸ್ಸು ಮಾಡಿ, ಮತ್ತೆ ಮರಳು ಎಳೆದೆವು. ಮೂರು ಜನರಿಗೆ ಒಂದೂವರೆ ದಿನ. ಈಗ ಪ್ರತಿ ಸಲ ಕುಂಟೆ ಕಟ್ಟುವ ಮೊದಲು ಬೋಲ್ಟ್ ಮುಟ್ಟಿ ನೋಡುತ್ತೇನೆ.

ಹರಗುವ ದಾರಿಯನ್ನೂ ದಿನಾ ಬದಲಿಸುತ್ತೇವೆ. ಒಂದು ದಿನ ಉದ್ದಕ್ಕೆ, ಒಂದು ದಿನ ಅಡ್ಡಕ್ಕೆ, ಒಂದು ದಿನ ಸುರುಳಿ ಸುರುಳಿಯಾಗಿ. ಒಂದೇ ಸುತ್ತು ಹಾಕಿದರೆ ಕುಂಟೆಯೇ ಮರಳನ್ನು ಒಂದು ಕಡೆಗೆ ಸಾಗಿಸುತ್ತದೆ. ತಿರುವಿನಲ್ಲಿ ನಿಧಾನ. ಅಂಚಿನ ಹಲಗೆ ಹತ್ತಿರದ ದಿಬ್ಬವನ್ನು ಮಾತ್ರ ವಾರಕ್ಕೊಮ್ಮೆ ಕೈಯಲ್ಲೇ ಎಳೆಯಬೇಕು, ಅದಕ್ಕೆ ಯಂತ್ರ ಇಲ್ಲ. ಉದ್ದ ಹಗ್ಗ ಹಿಡಿದು ಕುದುರೆಯನ್ನು ಸುತ್ತ ಓಡಿಸುವವರಿಗೆ ಪ್ರತಿ ದಿನ ಬೇರೆ ಬೇರೆ ಜಾಗದಲ್ಲಿ ನಿಲ್ಲಲು ಹೇಳಿದ್ದೇವೆ, ಇಲ್ಲದಿದ್ದರೆ ಒಂದೇ ಕಡೆ ಬಳೆಯಾಕಾರದ ತಗ್ಗು ಬೀಳುತ್ತದೆ. ಲದ್ದಿ ಬಿದ್ದ ಕೂಡಲೇ ಎತ್ತುತ್ತೇವೆ. ಬಿಟ್ಟರೆ ಮರಳಿನಲ್ಲಿ ಕಲಸಿ ಪುಡಿಯಾಗಿ ಅದೂ ಧೂಳೇ.

ಇಷ್ಟೆಲ್ಲ ಮಾಡಿದರೂ ನೀರು ತಪ್ಪಿದರೆ ಮರಳು ಕೆಲಸ ಮಾಡುವುದಿಲ್ಲ. ಸಮುದ್ರದ ದಂಡೆಯಲ್ಲಿ ನಡೆದವರಿಗೆ ಗೊತ್ತು, ಮೇಲೆ ಒಣ ಮರಳಿನಲ್ಲಿ ಕಾಲು ಹೂಳುತ್ತದೆ, ಅಲೆ ಬಂದು ಹೋದ ಒದ್ದೆ ಮರಳಿನ ಮೇಲೆ ಗಟ್ಟಿ ನೆಲದ ಹಾಗೆ ನಡೆಯಬಹುದು, ನೀರೊಳಗೆ ಇಳಿದರೆ ಮತ್ತೆ ಸಡಿಲ. ಕಾಳು ಕಾಳಿನ ನಡುವಿನ ತೆಳ್ಳನೆಯ ನೀರು ಅವುಗಳನ್ನು ಒಂದಕ್ಕೊಂದು ಎಳೆದು ಹಿಡಿಯುತ್ತದೆ. ಅರೀನಾದಲ್ಲಿ ಬೇಕಾದದ್ದು ಆ ನಡುವಿನ ಸ್ಥಿತಿ. 3 ಸೆಂಟಿಮೀಟರ್ ಕೆಳಗಿನ ಮರಳು ತೆಗೆದು ಮುಷ್ಟಿಯಲ್ಲಿ ಹಿಂಡಿ ನೋಡುತ್ತೇನೆ. ಉಂಡೆ ನಿಂತು, ಬೆರಳು ತಾಗಿಸಿದರೆ ಒಡೆಯಬೇಕು, ಕೈಗೆ ನೀರು ಬರಬಾರದು. ನಮ್ಮ ಅಳತೆಗೆ 3 ಮಿಲಿಮೀಟರ್ ನೀರು ಅಂದರೆ 2,400 ಲೀಟರ್. ಸಂಜೆ ಹಾಕುತ್ತೇವೆ, ರಾತ್ರಿ ಕೆಳಗಿಳಿಯುತ್ತದೆ. ಬೆಳಿಗ್ಗೆ ಸುಮ್ನೆ ಮೇಲೆ ಚಿಮುಕಿಸಿದರೆ ಮೇಲ್ಪದರ ಮಾತ್ರ ಒದ್ದೆಯಾಗಿ ಕೆಳಗೆ ಒಣ ಮರಳು ಜಾರುತ್ತಿರುತ್ತದೆ.

ನೀರು ಉಳಿಸಲು ಮೆಗ್ನೀಷಿಯಂ ಕ್ಲೋರೈಡ್ ಹಾಕಿ ಅಂತ ಹಲವರು ಹೇಳಿದರು. ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ, ನಿಜ. ಆದರೆ ಗೊರಸು ಒಣಗಿಸುತ್ತದೆ, ಕುಂಟೆ, ಗೇಟು, ಬೋಲ್ಟ್ ಎಲ್ಲ ತುಕ್ಕು ಹಿಡಿಯುತ್ತದೆ, ಜೋರು ಮಳೆಗೆ ಕರಗಿ ಹೋಗುತ್ತದೆ. ಬೇಡ ಅಂದೆ. ಮರದ ಹೊಟ್ಟು ಕೊಳೆತು ಹೂಳಾಗುತ್ತದೆ, ಅದೂ ಬೇಡ. ಬಟ್ಟೆಯ ನಾರು ಬೆರೆಸಿದರೆ ಹಿಡಿತ ಚೆನ್ನಾಗಿ ಬರುತ್ತದೆ, ದೊಡ್ಡ ಸ್ಪರ್ಧೆಯ ಅರೀನಾಗಳಲ್ಲಿ ಹಾಕುತ್ತಾರೆ. ಆದರೆ ಮುಂದೊಂದು ದಿನ ಮರಳು ಸವೆದಾಗ ನಾರು ಬೆರೆತ ಅದನ್ನು ಎಲ್ಲಿ ಸುರಿಯುವುದು? ನಮ್ಮ ನಡಿಗೆ, ಟ್ರಾಟ್, ಸಣ್ಣ ಜಿಗಿತಕ್ಕೆ ಒಳ್ಳೇ ಮರಳು ಮತ್ತು ನೀರೇ ಸಾಕು.

ನಿನ್ನೆ ಮತ್ತೆ 45 ಜಾಗದಲ್ಲಿ ಕಂಬಿ ಚುಚ್ಚಿದೆ. ಎಲ್ಲ ಕಡೆ ಟಣ್ ಅಂತು. ಅತಿ ಕಡಿಮೆ ಗೇಟಿನ ಬಳಿ 4.5, ಅತಿ ಜಾಸ್ತಿ ಆಚೆ ಉದ್ದದ ಬದಿಯಲ್ಲಿ 7. ಅಲ್ಲಿಂದ ಇಲ್ಲಿಗೆ ನಾಲ್ಕೈದು ತಳ್ಳುಗಾಡಿ ಮರಳು ನಾಳೆ ಸಾಗಿಸಬೇಕು. ಹೆಣ್ಣು ಕುದುರೆಯ ಕಾಲಿನ ಬಿಸಿ ಇಳಿದಿದೆ, ಪಶುವೈದ್ಯರು ದಿನಕ್ಕೆ 20 ನಿಮಿಷ ನಡಿಗೆಗೆ ಒಪ್ಪಿದ್ದಾರೆ. ಇವತ್ತು ಬೆಳಿಗ್ಗೆ ಲಗಾಮು ಸಡಿಲ ಬಿಟ್ಟು ಅವಳನ್ನು ಎಡಕ್ಕೆ ಎರಡು ಸುತ್ತು ನಡೆಸಿದೆ. ಗೇಟಿನ ಹತ್ತಿರವೂ, ಆ ಮೂಲೆಯಲ್ಲೂ ಒಂದೇ ಸದ್ದು.